ಅನ್‌ಹ್ಯಾಪಿ ಗುಂಡಿ

ಕಾಲರ್ ಅಕ್ಕ ಮೂರನೆಯ ಸಂಜೆಯೂ ಕೆಂಪು ಗುಂಡಿಯನ್ನೇ ಒತ್ತಿದಳು.

ಬಟ್ಟೆ ಕಾರ್ಖಾನೆಯ ಬಾಗಿಲಲ್ಲಿ ಹೊಸದಾಗಿ ಕೂರಿಸಿದ್ದ ಯಂತ್ರ ಅದು. ಕೆಲಸ ಮುಗಿಸಿ ಹೊರಡುವವರು ಒಂದು ಗುಂಡಿ ಒತ್ತಿಯೇ ಹೋಗಬೇಕು. ಹಸಿರು ಎಂದರೆ ‘ಹ್ಯಾಪಿ’, ಕೆಂಪು ಎಂದರೆ ‘ಅನ್‌ಹ್ಯಾಪಿ’. ಪಕ್ಕದಲ್ಲೇ ಸೂಪರ್‌ವೈಸರ್ ಕಂಬದ ಹಾಗೆ ನಿಂತಿರುತ್ತಿದ್ದುದರಿಂದ ಎಲ್ಲರ ಬೆರಳೂ ತಾನಾಗಿಯೇ ಹಸಿರಿಗೆ ಹೋಗುತ್ತಿತ್ತು. ಹನ್ನೊಂದು ವರ್ಷ ಒರಗಲು ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂತು ಕಾಲರ್ ಹೊಲಿದ ಅಕ್ಕನಿಗೆ ಮಾತ್ರ ಸುಳ್ಳು ಒತ್ತಲು ಮನಸ್ಸು ಬರಲಿಲ್ಲ. ಇನ್ನೊಂದು ವರ್ಷ ಹೀಗೇ ಕೂತರೆ ಆಮೇಲೆ ಮಿಷನ್ ಮುಂದೆ ಕೂರುವ ಮಾತೇ ಇಲ್ಲ ಎಂದು ಅವಳ ಬೆನ್ನು ನೋಡಿದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

"ಏನಕ್ಕ ಇದು, ಮೇಲಿನೋರು ನನ್ನ ತಲೆ ತಿಂತಾರೆ," ಎಂದು ಸೂಪರ್‌ವೈಸರ್ ಅಡ್ಡ ನಿಂತ. "ಅನ್‌ಹ್ಯಾಪಿ ಅಂದ್ರೆ ದುಃಖ. ಮನೇಲಿ ಯಾರಾದ್ರೂ ಹೋದಾಗ ಹೇಳೋ ಮಾತು. ನಿಮಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀರಲ್ಲ."

"ಮೊನ್ನೆ ನಲವತ್ತು ಶರ್ಟ್ ವಾಪಸ್ ಬಂದ್ವಲ್ಲ. ಗಿರಾಕಿ ಅನ್‌ಹ್ಯಾಪಿ ಅಂತ ಚೀಟಿ ಓದಿ ಬೈದೋರು ನೀವೇ. ಆ ಗಿರಾಕಿ ಮನೇಲಿ ಯಾರು ಹೋಗಿದ್ರು?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಅದು ಬೇರೆ ಅಕ್ಕ. ಅವರಿಗೆ ಹೊಲಿಗೆ ಸರಿಬರಲಿಲ್ಲ, ಅಷ್ಟೆ."

"ನಮಗೂ ಅಷ್ಟೆ. ಸ್ಟೂಲು ಸರಿಬರಲಿಲ್ಲ."

ಅಕ್ಕನ ಹಿಂದೆ ನಿಂತಿದ್ದ ತೋಳು ಹೊಲಿಯುವವಳು ಸೂಪರ್‌ವೈಸರ್ ಮುಖವನ್ನೇ ನೋಡುತ್ತ ಕೆಂಪು ಒತ್ತಿದಳು. ಅವಳ ಹಿಂದಿನವಳೂ ಒತ್ತಿದಳು. "ನಂಗೆ ಓದೋಕೆ ಬರಲ್ಲಪ್ಪ, ಆದ್ರೆ ಕೆಂಪು ಯಾವುದು ಅಂತ ಗೊತ್ತು," ಎಂದು ಕಾಜ ಮಾಡುವ ದೊಡ್ಡಮ್ಮ ಎರಡೆರಡು ಸಲ ಒತ್ತಿದಳು. ಆ ಸಂಜೆ ಅಕ್ಕನ ನಂತರ ಹೊರಟ ನೂರಾ ಹನ್ನೆರಡು ಜನರಲ್ಲಿ ಹಸಿರು ಮುಟ್ಟಿದವರು ಒಬ್ಬರೂ ಇಲ್ಲ.

ಮರುದಿನ ಇಷ್ಟೊಂದು ಕೆಂಪು ಯಾಕೆಂದು ಕೇಳಲು ಮ್ಯಾನೇಜರ್ ಖುದ್ದಾಗಿ ಕೆಳಗಿಳಿದು ಬಂದರು. ಅಕ್ಕ ಎದ್ದು ತನ್ನ ಸ್ಟೂಲನ್ನೇ ಅವರಿಗೆ ಬಿಟ್ಟುಕೊಟ್ಟಳು. ಕಾಲು ಗಂಟೆ ಕೂತವರು ಸೊಂಟ ಹಿಡಿದುಕೊಂಡೇ ಎದ್ದರು.

ವಾರ ತುಂಬುವುದರೊಳಗೆ ಎಲ್ಲರಿಗೂ ಒರಗುವ ಕುರ್ಚಿ ಬಂತು. ಬೆನ್ನು ಆನಿಸಿ ಕೂತ ಅಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ?" ಎಂದು ಮ್ಯಾನೇಜರ್ ಕೇಳಿದರು.

"ದಿನಾ ಹೇಳ್ತಿದ್ವಿ ಸಾರ್, ನಮ್ಮ ಮಾತಲ್ಲಿ," ಎಂದಳು ಅಕ್ಕ, ಹೊಲಿಗೆಯಿಂದ ಕಣ್ಣೆತ್ತದೆ. "ಇಂಗ್ಲಿಷಲ್ಲಿ ಹೇಳಿದ್ದು ಇದೇ ಮೊದಲು."