ಮೊಲದ ಕಾಲು

"ಹನಿ ಹನಿ ಕೂಡಿದರೆ...?" ಅಮ್ಮ ಗಾದೆಯನ್ನು ಅರ್ಧಕ್ಕೇ ನಿಲ್ಲಿಸಿ ಅಪ್ಪನ ಬಾಯನ್ನೇ ನೋಡಿದಳು.

ಒಂದು ಪಕ್ಕಕ್ಕೆ ವಾಲಿದ್ದ ತುಟಿ ಅಲುಗಿತು. ಗಂಟಲಿನಿಂದ ಗೊರಗೊರ ಸದ್ದು ಬಂತೇ ಹೊರತು 'ಹಳ್ಳ' ಬರಲಿಲ್ಲ. ಲಕ್ವ ಹೊಡೆದ ದಿನದಿಂದ ಅಪ್ಪ ಒಂದು ಮಾತೂ ಆಡಿರಲಿಲ್ಲ. ಬಾಯಿಪಾಠವಾದ ಗಾದೆ, ಹಾಡು ಕೆಲವರಿಗೆ ತಾವಾಗಿಯೇ ನಾಲಿಗೆಗೆ ಬರುತ್ತವೆ ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದೇ ತಡ, ಅಮ್ಮ ಹೊಲಿಗೆ ಮೆಷಿನ್ನಿಗೆ ಮುಸುಕು ಹಾಕಿ ಮಂಚದ ಪಕ್ಕ ಕುರ್ಚಿ ಎಳೆದುಕೊಂಡಿದ್ದಳು.

ಮಗಳಿಗೆ ನೋಡಲಾಗಲಿಲ್ಲ. ಕೆಲಸದಿಂದ ಬರುವಾಗ ತಂದಿದ್ದ ಚಿತ್ರದ ಹಲಗೆಯನ್ನು ಹಾಸಿಗೆಯ ಮೇಲಿಟ್ಟಳು. ನೀರಿನ ಲೋಟ, ಊಟದ ತಟ್ಟೆ, ಕಂಬಳಿ, ಕಕ್ಕಸು, ಎಲ್ಲವೂ ಅದರಲ್ಲಿತ್ತು.

"ಸಾಕು ಬಿಡಮ್ಮ. ಡಾಕ್ಟ್ರೇ ಕೈಚೆಲ್ಲಿದಾರೆ. ಬೇಕಾದ್ದನ್ನ ಇದ್ರಲ್ಲಿ ಬೆರಳಿಟ್ಟು ತೋರಿಸ್ಲಿ. ಯಾಕೆ ಸುಮ್ನೆ ಅವರನ್ನ ಗೋಳು ಹುಯ್ಕೋತೀಯ?"

"ನೀರು ಬೇಕು ಅಂತ ತೋರಿಸ್ಬಹುದು. ನನ್ನ ಬೈಬೇಕು ಅನ್ಸಿದ್ರೆ ಯಾವ ಚಿತ್ರ ತೋರಿಸ್ತಾರೆ?"

ಈ ಮನೆಯಲ್ಲಿ ಬೈಗುಳಕ್ಕೆ ಎಂದೂ ಬರ ಬಂದಿರಲಿಲ್ಲ. ಬಸ್ಸು ಓಡಿಸಿ ಬಂದ ಅಪ್ಪ ಚಪ್ಪಲಿ ಬಿಡುವ ಮೊದಲೇ ವಾದಕ್ಕೆ ನಿಲ್ಲುತ್ತಿದ್ದ: ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ, ಮದುವೆಯ ದಿನ ಮಳೆ ಬಂದಿತ್ತೋ ಇಲ್ಲವೋ. ಅಮ್ಮನೂ ಎಳ್ಳಷ್ಟು ಜಗ್ಗಿದವಳಲ್ಲ.

"ಮಾತು ಬೆಳ್ಳಿ..." ಎಂದು ಶುರುಮಾಡಿದ ಅಮ್ಮ, ಮೌನ ಬಂಗಾರವೆಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆಳೆದು ಮುಂದಕ್ಕೆ ಬಾಗಿದಳು. "ಇದನ್ನ ಹೇಳಿ ನೋಡೋಣ. ತಾನು ಹಿಡಿದ ಮೊಲಕ್ಕೆ ಮೂರೇ...?"

ಜೀವಮಾನವಿಡೀ ಅಪ್ಪ ಅವಳನ್ನು ಹಂಗಿಸಿದ್ದು ಇದೇ ಗಾದೆಯಿಂದ. ಅವನ ಹಣೆಯಲ್ಲಿ ಬೆವರೊಡೆಯಿತು. ಕತ್ತಿನ ನರ ಉಬ್ಬಿತು.

"ನಾ... ನಾಲ್ಕು."

"ಅಮ್ಮಾ, ಮಾತು ಬಂತು!" ಮಗಳು ಚೀರಿದಳು. "ತಪ್ಪಾದ್ರೆ ಆಗ್ಲಿ, ಬಂತಲ್ಲ!"

"ತಪ್ಪೆಲ್ಲಿ ಬಂತೇ? ವಾದಕ್ಕೆ ಇಳಿದಿದಾರೆ." ಅಮ್ಮ ಅಂಗೈಯಿಂದ ಕಣ್ಣೊರೆಸಿಕೊಂಡು ಬೇಕೆಂದೇ ದನಿ ಏರಿಸಿದಳು. "ಏನಂದ್ರಿ? ಮೂರೇ ಕಾಲು!"

ಅಪ್ಪ ಆಡುವ ಕೈಯಿಂದ ಮಂಚಕ್ಕೆ ಗುದ್ದಿದ. "ನಾಲ್ಕು!"

"ಮೂರು!"

ಚಿಕ್ಕವಳಿದ್ದಾಗ ಇಂಥ ಹೊತ್ತಿನಲ್ಲಿ ಇಬ್ಬರ ನಡುವೆ ನುಗ್ಗಿ ಬಿಡಿಸುತ್ತಿದ್ದ ಮಗಳು, ಸದ್ದಾಗದಂತೆ ಹೊರಗೆ ಬಂದು ಬಾಗಿಲು ಎಳೆದುಕೊಂಡಳು.