ತೇವ ಸೊನ್ನೆ

"ಈ ಚೀಲ ಯಾವಾಗಿಂದ ಐತೋ ಇಲ್ಲಿ?" ಸಂಶೋಧಕ ಸಿದ್ದಲಿಂಗೇಶ ಕೇಳಿದ.

ಟಿಕೋಟಾದ ಆ ದ್ರಾಕ್ಷಿ ತೋಟದ ನಡುವಿನ ಕಂಬಕ್ಕೆ ವಿಶ್ವವಿದ್ಯಾಲಯದ ಯಂತ್ರ ಕಟ್ಟಿ ಎರಡು ತಿಂಗಳಾಗಿತ್ತು. ಅದರ ಪಕ್ಕಕ್ಕೆ ಅಂಗೈಯಗಲದ ಒಂದು ಬಿಳಿ ಪ್ಲಾಸ್ಟಿಕ್ ಎಲೆ ಚಾಚಿಕೊಂಡಿರುತ್ತದೆ. ಬಳ್ಳಿಯ ಎಲೆ ಎಷ್ಟು ಒದ್ದೆಯಾಗಿದೆ ಎಂದು ಅಳೆದು ಹೇಳುವುದು ಅದರ ಕೆಲಸ. ಈಗ ಆ ಎಲೆಯ ಮೇಲೆ ಬಟ್ಟೆ ಅಂಗಡಿಯ ಹಳದಿ ಪ್ಲಾಸ್ಟಿಕ್ ಚೀಲವೊಂದು ಕವುಚಿಕೊಂಡಿತ್ತು. ಬಾಯಿಗೆ ಸುತಳಿ ಬಿಗಿದಿತ್ತು.

"ದೀಪಾವಳಿಯಿಂದ ಐತ್ರಿ," ತೋಟದವರ ಮಗ ದಶರಥ ಹೇಳಿದ. "ನೀವ ಅಂದಿದ್ರಲ್ರಿ ಸರ, ಒಂದು ಹನಿ ಎಣ್ಣಿ ಬೀಳಬಾರದು, ಬಿದ್ರ ಮಿಷನ್ ಸತ್ತಂಗ, ಆಮ್ಯಾಲ ನಿನ್ನ ಬಿಡಂಗಿಲ್ಲ ಅಂತ."

"ಬಳ್ಳಿಗೆ ಔಷಧದ ಎಣ್ಣಿ ಹೊಡಿಯೂ ಮುಂದ ಮುಚ್ಚು ಅಂದಿದ್ದೆ. ಹೊಡದಾದ ಮ್ಯಾಲ ತೆಗೀಬೇಕು ಅನ್ನೂದು ತಿಳಿಯಂಗಿಲ್ಲೇನು ನಿನಗ?"

"ತೆಗಿ ಅಂತ ಅನ್ಲಿಲ್ರಿ ನೀವು. ನಮ್ಮಪ್ಪ ದಿನಾ ಬಿಟ್ಟು ದಿನಾ ಎಣ್ಣಿ ಹೊಡೀತಾನ. ನೀವಂತೂ ಈ ಕಡೆ ತಲಿ ಹಾಕ್ಲಿಲ್ಲ. ಫೋನ್ ಹಚ್ಚಿದ್ರ ಎಲ್ಲಾ ಇಲ್ಲೇ ಕಾಣ್ತದ ಅಂದ್ರಿ."

ಕಾಣುತ್ತಿತ್ತು, ಖರೆ. ವಿಜಯಪುರದ ಪ್ರಯೋಗಾಲಯದ ಪರದೆಯ ಮೇಲೆ ಮೂವತ್ತೇಳು ದಿನ ಒಂದೇ ನೇರ ಗೆರೆ. ತೇವ ಸೊನ್ನೆ. ಸಿದ್ದಲಿಂಗೇಶ ಅದನ್ನು ತನ್ನ ಪ್ರಬಂಧಕ್ಕೂ ಅಂಟಿಸಿದ್ದ. ಆ ಗೆರೆಯನ್ನೇ ನಂಬಿ ಕಂಪ್ಯೂಟರು ದಿನಾ ಮುಂಜಾನೆ ಆರಕ್ಕೆ ಬಬಲೇಶ್ವರದ ತನಕ ಎಪ್ಪತ್ತು ಬೆಳೆಗಾರರಿಗೆ ಸಂದೇಶ ಕಳಿಸುತ್ತಿತ್ತು: ಎಲೆಯಲ್ಲಿ ತೇವವಿಲ್ಲ, ಔಷಧಿ ಸಿಂಪಡಿಸುವ ಅಗತ್ಯವಿಲ್ಲ.

ದಶರಥನಿಗೆ ಈಗ ಹೊಳೆಯಿತು. "ಅಂದ್ರ ಆ ಮೆಸೇಜು ಈ ಮಿಷನ್ ನೋಡೇ ಬರ್ತಿದ್ವೇನ್ರಿ?"

"ಮತ್ತ ಎಲ್ಲಿಂದ ಬರ್ತಾವ?"

ಆಕಾಶದಿಂದ, ಉಪಗ್ರಹದಿಂದ ಬರುತ್ತವೆ ಅಂದುಕೊಂಡಿದ್ದ ಅವನು. ಬಬಲೇಶ್ವರದ ಬಾಬುಸಾಬನ ನಂಬರನ್ನು ತಾನೇ ಕೂತು ಆ ಪಟ್ಟಿಗೆ ಸೇರಿಸಿದ್ದ. ಓದಿದ ಮಂದಿ ಮಾಡ್ಯಾರ ಕಾಕಾ, ಕಣ್ಣು ಮುಚ್ಚಿ ನಂಬು ಅಂದಿದ್ದ. ಈ ತಿಂಗಳು ಎಂಟು ದಿನ ಬಿಡದೆ ಮಂಜು ಬಿತ್ತು. ಬಾಬುಸಾಬ ಎಣ್ಣೆ ಹೊಡೆಯಲಿಲ್ಲ. ರೋಗ ಬಿದ್ದು ಎರಡು ಎಕರೆಯ ಎಳೆ ಗೊನೆಗಳೆಲ್ಲ ಕಂದಿ ಉದುರಿದವು. ನನ್ನ ಕೈಗುಣಾನ ಹೋತು ಅಂತ ಅವನು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದ. ಯಾವ ಸಂದೇಶವನ್ನೂ ನಂಬದ ದಶರಥನ ಅಪ್ಪನ ತೋಟ ಮಾತ್ರ ಹಸಿರಾಗಿ ನಿಂತಿತ್ತು.

"ಸುಮ್ನಿರು," ಸಿದ್ದಲಿಂಗೇಶ ಸುತಳಿಯ ಗಂಟಿಗೆ ಕೈ ಹಾಕಿದ. "ಈ ಮೂವತ್ತೇಳು ದಿನದ ಲೆಕ್ಕಾ ತಗದು ಹಾಕ್ತೀನಿ. ಬ್ಯಾಟರಿ ಕೆಟ್ಟಿತ್ತು ಅಂತ ಬರದ್ರ ಮುಗೀತು. ನೀ ಬಾಯಿ ತೆರದ್ರ, ಚೀಲ ಕಟ್ಟಿದಾಂವ ಯಾರು ಅಂತ ಮೊದಲ ಕೇಳ್ತಾರ. ಏಳನೇತ್ತಾಕ್ಕ ಸಾಲಿ ಬಿಟ್ಟಾಂವ ನೀ. ನಿನ್ನ ಮಾತು ಯಾರ ಕೇಳ್ತಾರ?"

"ಕಟ್ಟಿದಾಂವ ನಾನ ರೀ. ಅಲ್ಲ ಅಂದೆನೇನು?" ದಶರಥ ದನಿ ಏರಿಸದೆ ಹೇಳಿದ. "ಚಳಿ ದಿನದಾಗ ಮೂವತ್ತೇಳು ದಿನಾ ಎಲಿ ಮ್ಯಾಲ ಒಂದು ಹನಿ ಇಬ್ಬನಿ ಇಲ್ಲ ಅಂದ್ರ ಏಳನೇತ್ತಾ ಬಿಟ್ಟಾಂವಗೂ ಸಂಶೇ ಬರ್ತದ. ನಿಮಗ ಬರ್ಲಿಲ್ಲ. ನೀವಿರೂ ಜಲನಗರದಾಗ ಮಂಜ ಬೀಳಂಗಿಲ್ಲೇನ್ರಿ? ಕಿಡಕಿ ತೆಗದಿದ್ರ ಸಾಕಾಗಿತ್ತು."

ಸಿದ್ದಲಿಂಗೇಶ ಗಂಟು ಬಿಚ್ಚತೊಡಗಿದ. ದಶರಥ ಅವನ ಮುಂಗೈ ಹಿಡಿದ. ಇನ್ನೊಂದು ಕೈಯಲ್ಲಿ ಫೋನು ತೆಗೆದು ಬಾಬುಸಾಬನಿಗೆ ಹಚ್ಚಿ, ಸ್ಪೀಕರ್ ಒತ್ತಿದ. ಚೀಲದ ಸಂಗತಿಯನ್ನು, ಕಟ್ಟಿದ್ದು ತಾನೇ ಅನ್ನುವುದನ್ನೂ ಸೇರಿಸಿ, ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ.

"ಇಪ್ಪತ್ತೆರಡು ವರ್ಷ, ತಮ್ಮಾ," ಬಾಬುಸಾಬನ ದನಿ ಬಂತು. "ದಿನಾ ಮುಂಜಾನೆ ಎಲಿ ಹೊಳ್ಳಿಸಿ ನೋಡೀನಿ. ಆ ಎಂಟು ದಿನಾನೂ ನೋಡ್ದೆ. ಅಂಗೈಗೆ ನೀರು ಹತ್ತಾಕತ್ತಿತ್ತು. ಹತ್ತಿದ್ರೂ ಫೋನ್ ನೋಡಿ ಸುಮ್ನಾದೆ. ನಮ್ಮ ಮನಿಯಾಕಿ ಸಬೀರಾ ಎಣ್ಣಿ ಹೊಡಿ, ಹೊಡಿ ಅಂತ ಬಡಕೊಂಡ್ಳು. ಆಕಿಗೇ ಬೈದೆ, ನಿನಗೇನು ತಿಳೀತದ ಅಂತ. ಅಷ್ಟು ಓದಿದ ಮಂದಿ ಸುಳ್ಳು ಹೇಳ್ತಾರೇನು, ನನ್ನ ಕೈನ ಸುಳ್ಳು ಹೇಳಾಕತ್ತೈತಿ ಅಂದ್ಕೊಂಡೆ." ಆಮೇಲೆ ಕೇಳಿದ, "ಆ ಸರ ಅಲ್ಲೇ ಅದಾರೇನು?"

"ಇಲ್ಲೇ ಅದಾರ."

"ಹಂಗಾರ ಕೇಳು. ಅವರು ಒಂದು ದಿನಾರ ಎಲಿ ಮುಟ್ಟಿ ನೋಡಿದ್ರೇನು?"

ದಶರಥ ಹಿಡಿದ ಮುಂಗೈ ಬಿಟ್ಟಿರಲಿಲ್ಲ. ಆ ಕೈಯನ್ನು ಹಾಗೆಯೇ ಎಳೆದು ಮುಂಜಾನೆಯ ಇಬ್ಬನಿ ಕೂತ ಬಳ್ಳಿಯ ಎಲೆಗಳ ಮೇಲೆ ಒರೆಸಿದ, ಒಂದು ಸಲ, ಎರಡು ಸಲ, ಮಣಿಕಟ್ಟಿನ ತನಕ ನೀರು ಇಳಿಯುವವರೆಗೆ. ಬಳಿಕ ಆ ಕೈಯಲ್ಲೇ ಫೋನು ಇಟ್ಟ.

"ಮಾತಾಡ್ರಿ."

ಸಿದ್ದಲಿಂಗೇಶ ಕರೆ ಕಡಿಯಲು ಕೆಂಪು ಗುಂಡಿಯನ್ನು ಒತ್ತಿದ. ಮತ್ತೆ ಒತ್ತಿದ. ಒದ್ದೆ ಬೆರಳನ್ನು ಫೋನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಹೇಳ್ರಿ ಸರ," ಒಳಗಿನಿಂದ ಬಾಬುಸಾಬ ಅನ್ನುತ್ತಲೇ ಇದ್ದ, "ಕೇಳಾಕತ್ತೇನಿ."