ತಂಗಿಯ ಹಿಟ್ಟು

ಎಷ್ಟು ನಾದಿದರೂ ಹಿಟ್ಟು ಹರಿದು ಹರಿದು ಬರುತ್ತಿತ್ತು. ಅಕ್ಕ ಹಲ್ಲು ಕಚ್ಚಿ ಇನ್ನೂ ಜೋರಾಗಿ ಗುದ್ದಿದಳು. ತಂಗಿಯ ಬೇಕರಿಯಿಂದ ಚೀಲದ ತಳದಲ್ಲಿ ಬಚ್ಚಿಟ್ಟು ತಂದ ಹಿಟ್ಟದು.

ಬೆಳಗಿನಿಂದ ತನ್ನ ಬೇಕರಿಗೆ ಬಂದ ಗಿರಾಕಿಗಳದು ಒಂದೇ ರಾಗ. "ನಿಮ್ಮ ತಂಗಿ ಮಾಡೋ ಬ್ರೆಡ್ ತಿಂದಿದ್ದೀರಾ? ಅದಕ್ಕೆ ಹಾಕೋ ಹೊಸ ಧಾನ್ಯ ಒಂದ್ಸಲ ಬಿತ್ತಿದ್ರೆ ವರ್ಷವರ್ಷ ತಾನೇ ಚಿಗುರತ್ತಂತೆ. ಬೇರು ಆಳುದ್ದ ಇಳಿದು ಮಣ್ಣನ್ನ ಹಿಡ್ಕೊಳ್ಳತ್ತಂತೆ. ಗೋಧಿಗಿಂತ ನಾರೂ ಹೆಚ್ಚಂತೆ!" ಇಪ್ಪತ್ತು ವರ್ಷ ತನ್ನ ಕೈಯ ಬ್ರೆಡ್ ತಿಂದ ನಾಲಿಗೆಗಳೇ ಇವು! ಈ ಅಂತೆಕಂತೆ ಕೇಳಿ ಕೇಳಿ, ಒಲೆ ಹಚ್ಚುವ ಮೊದಲೇ ಅಕ್ಕನ ಹೊಟ್ಟೆ ಉರಿಯುತ್ತಿತ್ತು.

ಹಿಂಬಾಗಿಲು ಕಿರ್ರೆಂದಿತು. ಅಕ್ಕ ಮಲಗುವ ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ, ತಂಗಿ! ಮೊಣಕೈವರೆಗೂ ಕಂದು ಹಿಟ್ಟು ಮೆತ್ತಿಕೊಂಡಿದ್ದ ಅಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಅದನ್ನ ಹಾಗೆ ಗುದ್ದಬಾರದು ಅಕ್ಕಾ," ಎಂದಳು ತಂಗಿ ಮೆಲ್ಲಗೆ. "ಗೋಧಿಯಷ್ಟು ಅಂಟಿಲ್ಲ ಅದಕ್ಕೆ. ಅರ್ಧ ಗೋಧಿಹಿಟ್ಟು ಬೆರೆಸಿ, ಸುಮ್ನೆ ಮುಚ್ಚಿಡಬೇಕು. ಆದ್ರೂ ನಂದು ನಿನ್ನ ಬ್ರೆಡ್ ಥರ ಉಬ್ಬಲ್ಲ ಬಿಡು."

"ಬೈಯೋದಿದ್ರೆ ನೇರವಾಗಿ ಬೈಯೇ. ಅಲ್ಲ, ಮುಂಬಾಗಿಲಿದ್ದೂ ನೀನ್ಯಾಕೆ ಹಿಂದಿನಿಂದ ಬಂದೆ?"

ತಂಗಿಯ ಕಣ್ಣು ಕಪಾಟಿನ ಮೇಲಿದ್ದ ಜಾಡಿಯತ್ತ ಹೋಗಿ ಬಂತು. ಅದರಲ್ಲಿದ್ದ, ಬ್ರೆಡ್ ಉಬ್ಬಿಸುವ ಹುಳಿಹಿಟ್ಟನ್ನು ಅಕ್ಕ ಈವರೆಗೆ ಹೆತ್ತ ತಾಯಿಗೂ ಒಂದು ಚಮಚ ಕೊಟ್ಟವಳಲ್ಲ.

ಅಷ್ಟರಲ್ಲಿ ತಂಗಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ ಚಮಚವೊಂದು ಠಣ್ಣೆಂದು ನೆಲಕ್ಕೆ ಬಿತ್ತು.